ಅಲ್ಪ ವೆಚ್ಚದಲ್ಲಿ ಬೆಂಗಳೂರಿನ ಹೊರವಲಯ ದರ್ಶನ

ಪ್ರವಾಸವೆಂಬುದು ಹಣವಂತರ ವಿನೋದವೆಂದೂ, ಮಿತವಾದ ಆದಾಯದಲ್ಲಿ ಮನೆಯನ್ನು ತೂಗಿಸುವ ಗೃಹಸ್ಥರಿಗೆ ಅದು ಸಲ್ಲದೆಂದೂ ನಮ್ಮಲ್ಲಿ ಅನೇಕರು ಭಾವಿಸಿರುವರು. ತೀರ್ಥಯಾತ್ರೆಗಾದರೆ ಹೇಗಾದರೂ ಹಣವನ್ನು ಹೊಂದಿಸಿಕೊಂಡು ಹೊರಡುವ ಸಂಸಾರವಂದಿಗರು, ಒಂದು ದೊಡ್ಡ ಪಟ್ಟಣವನ್ನು ಕೇವಲ ನೋಡುವುದಕ್ಕಾಗಿ ನೋಡೋಣವೆಂದರೆ, ಅಲ್ಲಿ ಕಾಲಿಟ್ಟ ಕಡೆಯೆಲ್ಲ ದುಡ್ಡೆಂದು ಹಿಂಜರಿಯುವರು. ಈ ಭಯಕ್ಕೆ ಆಧಾರವು ಸ್ವಲ್ಪವೇ ಇದೆ. ಬೆನ್ನಮೇಲೊಂದು ಚೀಲವನ್ನು ಹೊತ್ತು, ಬಸ್ಸು ರೈಲುಗಳಲ್ಲಿ ಸಂಚರಿಸಿ, ದೊರೆತುದನ್ನು ತಿಂದು ದೇಶದೇಶಗಳನ್ನು ನೋಡಿ ಬರುವ ಪರದೇಶದ ತರುಣರನ್ನು ಕಂಡು ನಾವು ಬೆರಗಾಗುತ್ತೇವೆ. ಆದರೆ ಹೆಗಲಿಗೊಂದು ಗಂಟು, ಕೈಯಲ್ಲೊಂದು ಬುತ್ತಿ ಹಿಡಿದು ಕಾಶಿಯವರೆಗೆ ಹೋಗಿಬಂದ ನಮ್ಮ ಹಿರಿಯರು ಮಾಡಿದುದಾದರೂ ಅದನ್ನೇ ಅಲ್ಲವೆ?

ಈ ಲೇಖನದಲ್ಲಿ ನಾವು ಬೆಂಗಳೂರನ್ನು ಕುರಿತು ಬರೆಯಲು ಹೊರಟಿರುವೆವು. ಆದರೆ ಲಾಲ್‌ಬಾಗು, ಕಬ್ಬನ್ ಪಾರ್ಕು, ವಿಧಾನಸೌಧಗಳ ವರ್ಣನೆಯು ನಮ್ಮ ಉದ್ದೇಶವಲ್ಲ. ಅವುಗಳ ವಿಷಯವಾಗಿ ಬೇಕಾದಷ್ಟು ಪುಸ್ತಕಗಳಿವೆ. ನಾವು ಹೇಳಬೇಕೆಂದಿರುವುದು ಪಟ್ಟಣದ ಅಂಚಿನಲ್ಲಿರುವ ಮೂರು ವಲಯಗಳ ಮಾತು: ಪೂರ್ವಕ್ಕೆ ವೈಟ್‌ಫೀಲ್ಡು, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯಕ್ಕೆ ಪೀಣ್ಯ. ನಮ್ಮ ವಾಚಕರಲ್ಲಿ ಹಲವರ ಮಗನೋ ಮಗಳೋ ಸೊಸೆಯೋ ಈ ಮೂರರಲ್ಲಿ ಒಂದು ಕಡೆ ಉದ್ಯೋಗದಲ್ಲಿರಬಹುದು. ಹಬ್ಬಕ್ಕೆ ಮಕ್ಕಳು ಊರಿಗೆ ಬರುವರು; ತಂದೆತಾಯಿಗಳು ಎಂದಾದರೊಮ್ಮೆ ಬೆಂಗಳೂರಿಗೆ ಹೋದರೆ ಲಾಲ್‌ಬಾಗನ್ನು ನೋಡಿಕೊಂಡು ಹಿಂತಿರುಗುವರು. ಮಕ್ಕಳು ದಿನನಿತ್ಯವೂ ಬಾಳುವ ಪ್ರದೇಶವು ಹೇಗಿದೆಯೆಂಬುದು ಮನೆಯವರಿಗೆ ತಿಳಿಯುವುದೇ ಇಲ್ಲ. "ಅಲ್ಲೇನಿದೆ ನೋಡೋದಕ್ಕೆ, ಅಪ್ಪ? ಬರೀ ಕಟ್ಟಡ, ಬರೀ ಟ್ರಾಫಿಕ್ಕು" ಎಂದು ಮಕ್ಕಳೇ ಹೇಳಿಬಿಡುವುದುಂಟು.

ಅಲ್ಲಿ ನೋಡತಕ್ಕುದು ಬಹಳವಿದೆ. ಅದನ್ನು ನೋಡುವುದಕ್ಕೆ ಬೇಕಾದ ಹಣವು ಮಾತ್ರ ಬಹಳ ಕಡಿಮೆ. ಇಷ್ಟನ್ನೇ ನಾವು ಮುಂದೆ ವಿವರಿಸುವೆವು.

ಸಂಚಾರದ ಸಾಧನಗಳು

ಅಲ್ಪ ವೆಚ್ಚದ ಪ್ರಯಾಣಕ್ಕೆ ಮೊದಲನೆಯ ಆಧಾರವು ನಗರ ಸಾರಿಗೆಯ ಬಸ್ಸು. 2025ರ ಜನವರಿಯಲ್ಲಿ ದರಗಳು ಪರಿಷ್ಕೃತವಾದಾಗ ಸಾಮಾನ್ಯ ಬಸ್ಸಿನ ದಿನದ ಪಾಸಿಗೆ 80 ರೂಪಾಯಿ ನಿಗದಿಯಾಯಿತು. ಈ ಪಾಸನ್ನು ಪಡೆದವರು ಆ ದಿನವೆಲ್ಲ ಎಷ್ಟು ಸಲವಾದರೂ ಹತ್ತಿ ಇಳಿಯಬಹುದು. ದಾರಿ ತಪ್ಪಿದರೂ ನಷ್ಟವಿಲ್ಲವೆಂಬುದೇ ಇದರ ದೊಡ್ಡ ಗುಣ. ತಪ್ಪಿದ ಕಡೆ ಇಳಿದು ಇನ್ನೊಂದು ಬಸ್ಸನ್ನು ಹತ್ತಿದರಾಯಿತು. ಕರ್ನಾಟಕದಲ್ಲಿ ವಾಸವಾಗಿರುವ ಸ್ತ್ರೀಯರಿಗೆ 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ಸಾಮಾನ್ಯ ಬಸ್ಸುಗಳಲ್ಲಿ ಹಣವನ್ನೇ ಕೊಡಬೇಕಾಗಿಲ್ಲ. ವಿಳಾಸವನ್ನು ತೋರಿಸುವ ಗುರುತಿನ ಚೀಟಿಯೊಂದು ಜೊತೆಯಲ್ಲಿದ್ದರೆ ಸಾಕು. ಆದುದರಿಂದ ಗೃಹಿಣಿಯರು ಇಂಥ ಸಂಚಾರಕ್ಕೆ ಹೊರಡುವುದರಿಂದ ಮನೆಯ ಲೆಕ್ಕಕ್ಕೆ ಭಾರವು ಬೀಳದು.

ಎರಡನೆಯದು ನಮ್ಮ ಮೆಟ್ರೋ ರೈಲು. ಹತ್ತು ಹನ್ನೆರಡು ವರ್ಷಗಳ ಅವಧಿಯಲ್ಲಿ ಈ ರೈಲು ಮೂರು ವಲಯಗಳನ್ನೂ ಮುಟ್ಟಿತು. ಹಸಿರು ಮಾರ್ಗವು 2014ರ ಮಾರ್ಚಿಯಲ್ಲಿ ಪೀಣ್ಯವನ್ನು ಸೇರಿ, 2015ರಲ್ಲಿ ನಾಗಸಂದ್ರಕ್ಕೂ 2024ರ ನವೆಂಬರಿನಲ್ಲಿ ಮಾದಾವರಕ್ಕೂ ಮುಂದುವರಿಯಿತು. ನೇರಳೆ ಮಾರ್ಗವು 2023ರ ಅಕ್ಟೋಬರಿನಲ್ಲಿ ಪೂರ್ಣಗೊಂಡು ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಎಡೆಬಿಡದ ಸಂಚಾರವು ಪ್ರಾರಂಭವಾಯಿತು. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯನ್ನು ಹಾಯ್ದು ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗವು 2025ರ ಆಗಸ್ಟಿನಲ್ಲಿ ತೆರೆಯಿತು. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಮೆಟ್ರೋ ದರವು ಕನಿಷ್ಠ 10, ಗರಿಷ್ಠ 90 ರೂಪಾಯಿ ಎಂದು ಗೊತ್ತಾಯಿತು. ಇದು ಬಸ್ಸಿಗಿಂತ ದುಬಾರಿಯೇ ಸರಿ. ಆದಕಾರಣ ಹೋಗುವಾಗ ಮೆಟ್ರೋದಲ್ಲಿ ಹೋಗಿ ಹೊತ್ತನ್ನು ಉಳಿಸಿಕೊಂಡು, ಬರುವಾಗ ಬಸ್ಸಿನಲ್ಲಿ ಬಂದು ಹಣವನ್ನು ಉಳಿಸಿಕೊಳ್ಳುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೂರನೆಯದು, ಎಲ್ಲಕ್ಕಿಂತ ಹಳೆಯದು, ರೈಲುಗಾಡಿ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲುದಾರಿಯು 1864ರಲ್ಲಿಯೇ ತೆರೆಯಿತು. ವೈಟ್‌ಫೀಲ್ಡು ಸ್ಟೇಷನ್ನು ಅದೇ ದಾರಿಯಲ್ಲಿದೆ. ಬಂಗಾರಪೇಟೆಯ ಕಡೆಗೆ ಹೋಗುವ ಸಾಮಾನ್ಯ ಗಾಡಿಗಳಲ್ಲಿ ಅಲ್ಲಿಗೆ ಹೋಗುವುದಕ್ಕೆ ತಗಲುವ ವೆಚ್ಚವು ಎರಡು ಲೋಟ ಕಾಫಿಯ ಬೆಲೆಯನ್ನೂ ಮೀರದು. ಗಾಡಿಗಳು ಹೆಚ್ಚಾಗಿಲ್ಲವಾದುದರಿಂದ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಆಹಾರ ಮತ್ತು ವಸತಿ

ಊಟದ ವಿಷಯದಲ್ಲಿ ಚಿಂತೆಗೆ ಕಾರಣವಿಲ್ಲ. 2017ರ ಆಗಸ್ಟಿನಲ್ಲಿ ಪ್ರಾರಂಭವಾದ ಇಂದಿರಾ ಕ್ಯಾಂಟೀನುಗಳಲ್ಲಿ ಬೆಳಗಿನ ಉಪಾಹಾರಕ್ಕೆ 5, ಊಟಕ್ಕೆ 10 ರೂಪಾಯಿಗಳೆಂದು ಗೊತ್ತುಮಾಡಲಾಯಿತು. ಕೂಲಿಕಾರರು, ವಿದ್ಯಾರ್ಥಿಗಳು, ಆಟೋ ಚಾಲಕರು ಸಾಲಿನಲ್ಲಿ ನಿಂತು ಉಣ್ಣುವ ಈ ಸ್ಥಳಗಳಲ್ಲಿ ಗೃಹಸ್ಥರು ನಿಂತು ಉಂಡರೆ ಗೌರವಕ್ಕೇನೂ ಕುಂದಿಲ್ಲ. ಅದನ್ನು ಒಲ್ಲದವರಿಗೆ ದರ್ಶಿನಿಗಳಿವೆ. ನಿಂತುಕೊಂಡೇ ಇಡ್ಲಿ, ವಡೆ, ಖಾರಾಬಾತು ತಿಂದು ಕಾಫಿ ಕುಡಿದು ಹತ್ತು ನಿಮಿಷದಲ್ಲಿ ಹೊರಬರಬಹುದು. ಮನೆಯಿಂದಲೇ ಚಪಾತಿಯನ್ನೋ ಮೊಸರನ್ನವನ್ನೋ ಕಟ್ಟಿಕೊಂಡು ಹೊರಟವರಿಗಂತೂ ಕೆರೆಯ ಏರಿಯ ಮೇಲೆ ಅಥವಾ ಗುಡಿಯ ಜಗಲಿಯ ಮೇಲೆ ಕುಳಿತುಣ್ಣುವ ಸುಖವು ಯಾವ ಹೋಟೆಲಿನಲ್ಲಿಯೂ ದೊರೆಯದು.

ವಸತಿಯ ಪ್ರಶ್ನೆಯು ಸ್ವಲ್ಪ ಕಷ್ಟದ್ದು. ಮಕ್ಕಳು ಬಾಡಿಗೆಗಿರುವ ಪಿ.ಜಿ.ಗಳಲ್ಲಿ ಹೊರಗಿನವರು ತಂಗುವುದಕ್ಕೆ ಸಾಮಾನ್ಯವಾಗಿ ಅನುಮತಿಯಿಲ್ಲ. ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿಗಳ ಹೋಟೆಲುಗಳು ಕಂಪೆನಿಗಳ ಹಣದಲ್ಲಿ ಬರುವ ಅತಿಥಿಗಳನ್ನೇ ಉದ್ದೇಶಿಸಿದವು. ಆದಕಾರಣ ಮೆಜೆಸ್ಟಿಕ್ಕಿನ ಸುತ್ತಮುತ್ತಲಿನ ಸಾಧಾರಣ ವಸತಿಗೃಹಗಳಲ್ಲಿ ಇಳಿದುಕೊಂಡು, ಅಲ್ಲಿಂದ ಪ್ರತಿದಿನವೂ ಒಂದೊಂದು ದಿಕ್ಕಿಗೆ ಹೋಗಿಬರುವುದೇ ಸುಲಭ. ರೈಲಿನಿಂದ ಇಳಿದ ಬಡ ಯಾತ್ರಿಕನಿಗೆ ತಲೆಯ ಮೇಲೊಂದು ಸೂರು ಬೇಕೆಂಬುದನ್ನು ಈ ಪಟ್ಟಣವು ಬಹಳ ಹಿಂದೆಯೇ ಅರಿತುಕೊಂಡಿತ್ತು. ವ್ಯಾಪಾರಿಗಳಾದ ಗುಬ್ಬಿ ತೋಟದಪ್ಪನವರು ರೈಲುನಿಲ್ದಾಣದ ಹತ್ತಿರದಲ್ಲಿಯೇ ಕಟ್ಟಿಸಿದ ಛತ್ರವು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಪ್ರಾರಂಭೋತ್ಸವವನ್ನು ಕಂಡಿತು. ಹಣವಿಲ್ಲದವನೂ ಪಟ್ಟಣವನ್ನು ನೋಡಲು ಬರುವನೆಂಬ ನಂಬಿಕೆಯು ಆ ಕಾಲದ ದಾನಿಗಳಲ್ಲಿತ್ತು.

ಪೂರ್ವದಿಕ್ಕು: ವೈಟ್‌ಫೀಲ್ಡು

ಮೊದಲನೆಯ ದಿನ ಬೆಳಗಿನ ರೈಲಿನಲ್ಲಿ ವೈಟ್‌ಫೀಲ್ಡಿಗೆ ಹೊರಡೋಣ. ಈ ಊರಿನ ಹುಟ್ಟು ವಿಚಿತ್ರವಾದುದು. ಮೈಸೂರು ಸಂಸ್ಥಾನವು ಅರಸುಮನೆತನಕ್ಕೆ ಹಿಂದಿರುಗಿದ ಮರುವರ್ಷ, ಎಂದರೆ 1882ರಲ್ಲಿ, ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದವರಿಗೆ ಇಲ್ಲಿ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆಂಗ್ಲರಲ್ಲಿಯೂ ಸೇರದೆ, ಭಾರತೀಯರಲ್ಲಿಯೂ ಸೇರದೆ ನಡುವೆ ನಿಂತಿದ್ದ ಈ ಜನಕ್ಕೆ ವ್ಯವಸಾಯದಿಂದ ಬಾಳುವ ಸ್ವಂತ ನೆಲೆಯೊಂದು ಬೇಕೆಂಬುದು ಸಂಘದ ಸ್ಥಾಪಕರಾದ ಡಿ. ಎಸ್. ವೈಟ್ ಎಂಬವರ ಆಸೆಯಾಗಿತ್ತು. ಊರಿಗೆ ಅವರ ಹೆಸರೇ ನಿಂತಿತು. ನಡುವೆ ವೃತ್ತಾಕಾರದ ಬಯಲು, ಅದರ ಸುತ್ತ ತೋಟಗಳಿಂದ ಕೂಡಿದ ಮನೆಗಳು, ಹೀಗೆ ಊರನ್ನು ರೂಪಿಸಿದರು. ಆ ವೃತ್ತವು ಇನ್ನರ್ ಸರ್ಕಲ್ ಎಂಬ ಹೆಸರಿನಿಂದ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ಮೆಮೋರಿಯಲ್ ಚರ್ಚು ಉಳಿದಿದೆ. ಹಳೆಯ ಹೆಂಚಿನ ಮನೆಗಳು ಮಾತ್ರ ಒಂದೊಂದಾಗಿ ಕಣ್ಮರೆಯಾದವು. ಬೆಂಗಳೂರಿನಲ್ಲಿ ಸೈನಿಕನಾಗಿದ್ದ ಕಾಲದಲ್ಲಿ ವಿನ್‌ಸ್ಟನ್ ಚರ್ಚಿಲ್ಲನು ಇಲ್ಲಿನ ವೇವರ್ಲಿ ಇನ್ ಎಂಬ ತಂಗುಮನೆಗೆ ಬರುತ್ತಿದ್ದನೆಂದು ಊರಿನವರು ಹೇಳುವ ಕಥೆಯೊಂದಿದೆ. ಅದನ್ನು ಕಥೆಯೆಂದೇ ಕೇಳಿ ಸಂತೋಷಪಡಬಹುದು.

ಈ ಸದ್ದಿಲ್ಲದ ಊರಿನ ಪಕ್ಕದಲ್ಲಿ 1990ರ ದಶಕದಲ್ಲಿ ಸಿಂಗಪುರದ ಸಹಯೋಗದಿಂದ ಐ.ಟಿ.ಪಿ.ಎಲ್. ಎಂಬ ತಂತ್ರಜ್ಞಾನದ ಉದ್ಯಾನವು ಎದ್ದಿತು. ಒಂದೇ ಆವರಣದಲ್ಲಿ ಕಛೇರಿ, ವಿದ್ಯುತ್ತು, ಅಂಗಡಿ, ಉಪಾಹಾರಗೃಹ ಎಲ್ಲವನ್ನೂ ಒದಗಿಸುವ ಕ್ರಮವು ಅಂದು ನಮ್ಮ ನಾಡಿಗೆ ಹೊಸದಾಗಿತ್ತು. ಅದರ ಹಿಂದೆಯೇ ಕಂಪೆನಿಗಳೂ ಬಹುಮಹಡಿಯ ಮನೆಗಳೂ ಬಂದವು. ಕಛೇರಿಗಳೊಳಕ್ಕೆ ಹೊರಗಿನವರಿಗೆ ಪ್ರವೇಶವಿಲ್ಲ. ಆದರೆ ಬೆಳಗ್ಗೆ ಒಂಬತ್ತರ ಸುಮಾರಿಗೆ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಬಳಿ ಅರ್ಧ ಗಂಟೆ ನಿಂತರೆ ಸಾಕು. ಕೊರಳಿಗೆ ಗುರುತಿನ ಚೀಟಿಯನ್ನು ತೂಗುಹಾಕಿಕೊಂಡು, ಭಾರತದ ಎಲ್ಲ ಭಾಷೆಗಳನ್ನೂ ಆಡುತ್ತ ಸಾಗುವ ತರುಣತರುಣಿಯರ ಪ್ರವಾಹವನ್ನು ಕಾಣಬಹುದು. ಇದಕ್ಕೆ ಯಾವ ಶುಲ್ಕವೂ ಇಲ್ಲ.

ಆ ಪ್ರವಾಹವು ತುಳಿದು ಸಾಗುವ ನೆಲವು ಎಷ್ಟು ಹಳೆಯದೆಂಬುದನ್ನು ಒಂದು ಶಾಸನವು ತಿಳಿಸುತ್ತದೆ. ವೈಟ್‌ಫೀಲ್ಡಿಗೆ ಅಂಟಿಕೊಂಡಿರುವ ಕಾಡುಗೋಡಿಯ ದೇವಾಲಯದಲ್ಲಿ ಹನ್ನೊಂದನೆಯ ಶತಮಾನದ ಚೋಳರ ಕಾಲದ ತಮಿಳು ಶಾಸನವೊಂದಿದೆ. ಪಟ್ಟಂದೂರಿನಲ್ಲಿ ಕೆರೆಯನ್ನು ಕಟ್ಟಿಸಿ ತೂಬುಗಳನ್ನಿಡಿಸಿದ ಸಂಗತಿಯು ಅದರಲ್ಲಿ ಬರುತ್ತದೆ. ಮೆಟ್ರೋ ರೈಲಿನಲ್ಲಿ "ಪಟ್ಟಂದೂರು ಅಗ್ರಹಾರ" ಎಂದು ಕೂಗುವ ಸ್ಟೇಷನ್ನಿನ ಹೆಸರು ಅದೇ ಊರಿನದು. ಸುಮಾರು ಸಾವಿರ ವರ್ಷಗಳ ಹಿಂದೆ ಕಲ್ಲಿನ ಮೇಲೆ ಕೆತ್ತಿದ ಹೆಸರನ್ನು ಪ್ರತಿನಿತ್ಯವೂ ಸಾವಿರಾರು ಜನರು ಕೇಳುತ್ತಾರೆ. ಅದು ಹಳೆಯದೆಂದು ಅವರಿಗೆ ಹೇಳುವವರಿಲ್ಲ.

ದಕ್ಷಿಣದಿಕ್ಕು: ಎಲೆಕ್ಟ್ರಾನಿಕ್ ಸಿಟಿ ಮತ್ತು ಬೇಗೂರು

ಎರಡನೆಯ ದಿನ ಹಳದಿ ಮಾರ್ಗದಲ್ಲಿ ಹೊಸೂರಿನ ಕಡೆಗೆ ಹೋಗೋಣ. ಎಲೆಕ್ಟ್ರಾನಿಕ್ ಸಿಟಿಯು ತಾನಾಗಿ ಬೆಳೆದ ಊರಲ್ಲ, ಯೋಚಿಸಿ ಕಟ್ಟಿದುದು. ರಾಜ್ಯಸರ್ಕಾರವು 1976ರಲ್ಲಿ ಕಿಯೋನಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಮೊದಲ ಮುಖ್ಯಸ್ಥರಾದ ಆರ್. ಕೆ. ಬಾಳಿಗರು ವಿದ್ಯುನ್ಮಾನ ಕೈಗಾರಿಕೆಗಳಿಗೆಂದೇ ಒಂದು ನಗರವಿರಬೇಕೆಂದು ಕಲ್ಪಿಸಿಕೊಂಡರು. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಅದಕ್ಕೆ ಅಸ್ತಿವಾರವಾಯಿತು. ಅಂದು ಅದು ಪಟ್ಟಣದಿಂದ ಬಹು ದೂರವಿದ್ದ ಹೊಲಗಾಡು. 1991ರ ಆರ್ಥಿಕ ಬದಲಾವಣೆಯ ತರುವಾಯ ಇನ್ಫೋಸಿಸ್ ಮುಂತಾದ ಕಂಪೆನಿಗಳು ಇಲ್ಲಿ ಬೆಳೆದು, ಬಾಳಿಗರ ಕಲ್ಪನೆಯು ಫಲಿಸಿತು. ಅವರು 1988ರಲ್ಲಿಯೇ ನಿಧನರಾದುದರಿಂದ ಅದನ್ನು ಕಣ್ಣಾರೆ ಕಾಣಲಿಲ್ಲ.

ಇಲ್ಲಿಯೂ ಕಛೇರಿಗಳ ಬಾಗಿಲು ನಮಗೆ ತೆರೆಯದು. ಆದರೆ ಮರಗಳ ನೆರಳಿನ ಒಳರಸ್ತೆಗಳಲ್ಲಿ ಒಂದು ಗಂಟೆಯ ಕಾಲ ನಡೆದು, ಸರದಿಯು ಬದಲಾಗುವ ಹೊತ್ತಿನಲ್ಲಿ ಒಂದು ಗೂಡಂಗಡಿಯ ಮುಂದೆ ಚಹಾ ಕುಡಿಯುತ್ತ ನಿಂತರೆ, ಈ ವಲಯವನ್ನು ನಡೆಸುವವರು ಯಾರೆಂಬುದು ತಿಳಿಯುವುದು. ಗಣಕಯಂತ್ರದ ಮುಂದೆ ಕುಳಿತುಕೊಳ್ಳುವವರು ಒಂದು ಭಾಗ. ಕಾವಲುಗಾರರು, ಗುಡಿಸುವವರು, ಅಡಿಗೆಯವರು, ವಾಹನ ಚಾಲಕರು, ಮನೆಬಾಗಿಲಿಗೆ ಊಟ ತಲಪಿಸುವ ಹುಡುಗರು ಇನ್ನೊಂದು ಭಾಗ.

ಅಲ್ಲಿಂದ ಹಿಂದಕ್ಕೆ ಬಂದು ಹೊಂಗಸಂದ್ರದಲ್ಲೋ ಬೊಮ್ಮನಹಳ್ಳಿಯಲ್ಲೋ ಇಳಿದು, ಬೇಗೂರಿನ ಬಸ್ಸನ್ನು ಹತ್ತತಕ್ಕದ್ದು. ಈ ಸಂಚಾರದಲ್ಲಿ ಬೇರೇನನ್ನು ಬಿಟ್ಟರೂ ಬೇಗೂರನ್ನು ಬಿಡಕೂಡದು. ಗಂಗರ ಕಾಲದಷ್ಟು ಪ್ರಾಚೀನವಾದ ನಾಗೇಶ್ವರ ದೇವಾಲಯವು ಇಲ್ಲಿದೆ. ಐದು ಲಿಂಗಗಳಿರುವುದರಿಂದ ಪಂಚಲಿಂಗೇಶ್ವರವೆಂದೂ ಇದನ್ನು ಕರೆಯುವರು. ಆವರಣದಲ್ಲಿ ಸುಮಾರು 890ನೆಯ ಇಸವಿಯದೆಂದು ವಿದ್ವಾಂಸರು ಎಣಿಸಿರುವ ಹಳೆಗನ್ನಡದ ವೀರಗಲ್ಲೊಂದಿದೆ. ಬೆಂಗಳೂರಿನಲ್ಲಿ ನಡೆದ ಕಾಳಗದಲ್ಲಿ ಮಡಿದವನೊಬ್ಬನ ಸ್ಮಾರಕವದು. ಬೆಂಗಳೂರೆಂಬ ಹೆಸರು ಬರಹದಲ್ಲಿ ಕಾಣಿಸಿಕೊಳ್ಳುವ ಅತ್ಯಂತ ಹಳೆಯ ಆಧಾರವು ಇದೇ. ಹಸಿದು ಬಂದ ಹೊಯ್ಸಳ ದೊರೆಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ಬೆಂದಕಾಳೂರಾಯಿತೆಂಬ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ಆ ದೊರೆಯು ಹುಟ್ಟುವುದಕ್ಕೆ ಇನ್ನೂರು ವರ್ಷಗಳಿಗೂ ಹಿಂದೆಯೇ ಬೇಗೂರಿನ ಕಲ್ಲು ಬೆಂಗಳೂರನ್ನು ಹೆಸರಿಸಿತ್ತು. ಬೇಗೂರಿನದೇ ಇನ್ನೊಂದು ಭವ್ಯವಾದ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ಗಂಗರಿಗೂ ನೊಳಂಬರಿಗೂ ನಡೆದ ಯುದ್ಧವನ್ನು ಅದರಲ್ಲಿ ಕೆತ್ತಿದ್ದಾರೆ.

ಗುಡಿಯ ಜಗಲಿಯ ಮೇಲೆ ಕುಳಿತಿದ್ದ ವೃದ್ಧರೊಬ್ಬರನ್ನು, ಇಲ್ಲಿಗೆ ನೋಡುವವರು ಬರುವರೇ ಎಂದು ನಾವು ವಿಚಾರಿಸಿದೆವು. "ಬರ್ತಾರೆ ಸ್ವಾಮಿ, ಸೋಮವಾರ ಶಿವರಾತ್ರಿಗೆ ಜನವೋ ಜನ. ಆದರೆ ಕಂಪ್ಯೂಟರ್ ಕೆಲಸದೋರು ದಿನಾ ಇದೇ ರಸ್ತೇಲಿ ಹೋಗ್ತಾರೆ, ಕಲ್ಲು ನೋಡೋಕೆ ಇಳಿಯೋರು ಕಮ್ಮಿ" ಎಂದರು. ನವೀನವಾದ ಉದ್ಯೋಗವೂ ಪುರಾತನವಾದ ಹೆಸರೂ ಕೆಲವೇ ಮೈಲಿಗಳ ಅಂತರದಲ್ಲಿರುವುದು ಈ ದಿಕ್ಕಿನ ವಿಶೇಷ.

ವಸಂತಕಾಲದಲ್ಲಿ ಹೋಗುವವರು ಹುಸ್ಕೂರಿನ ಮದ್ದೂರಮ್ಮನ ಜಾತ್ರೆಯ ದಿನವನ್ನೂ ವಿಚಾರಿಸಿಕೊಳ್ಳಬಹುದು. ಸುತ್ತಣ ಹಳ್ಳಿಗಳವರು ಮುಗಿಲುಮುಟ್ಟುವಂಥ ಎತ್ತರದ ತೇರುಗಳನ್ನು ಕಟ್ಟಿ, ಎತ್ತುಗಳಿಂದಲೂ ಟ್ರಾಕ್ಟರುಗಳಿಂದಲೂ ಎಳೆದು ತರುವರು. 2025ರ ಮಾರ್ಚಿಯಲ್ಲಿ ಗಾಳಿಗೆ ತೇರು ಉರುಳಿ ಜೀವಹಾನಿಯಾದುದರಿಂದ, ಇದನ್ನು ದೂರದಲ್ಲಿ ನಿಂತು ನೋಡುವುದೇ ಕ್ಷೇಮ.

ವಾಯವ್ಯದಿಕ್ಕು: ಪೀಣ್ಯ ಮತ್ತು ಜಾಲಹಳ್ಳಿ

ಮೂರನೆಯ ದಿನ ಹಸಿರು ಮಾರ್ಗದಲ್ಲಿ ತುಮಕೂರಿನ ಕಡೆಗೆ. ಪೀಣ್ಯವನ್ನು ಅರಿಯಬೇಕಾದರೆ ಮೊದಲು ಜಾಲಹಳ್ಳಿಯನ್ನು ನೋಡಬೇಕು. ಸ್ವಾತಂತ್ರ್ಯಾನಂತರ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಹಿಂದೂಸ್ಥಾನ್ ಮೆಷೀನ್ ಟೂಲ್ಸ್ ಕಾರ್ಖಾನೆಯು ಇಲ್ಲಿ ಹುಟ್ಟಿತು. ಮರುವರ್ಷ ಭಾರತ್ ಎಲೆಕ್ಟ್ರಾನಿಕ್ಸ್ ಬಂದಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಾಯದಿಂದ ಕೈಗಡಿಯಾರಗಳ ತಯಾರಿಕೆ ಮೊದಲಾಯಿತು. ನಮ್ಮ ವಾಚಕರ ಮನೆಗಳಲ್ಲಿ ಎಚ್.ಎಂ.ಟಿ. ಗಡಿಯಾರವನ್ನು ಕಾಣದ ಮನೆಯು ವಿರಳ. ಮದುವೆಯಲ್ಲಿ ಅಳಿಯನಿಗೆ ಕೊಟ್ಟುದು, ಎಸ್.ಎಸ್.ಎಲ್.ಸಿ. ತೇರ್ಗಡೆಯಾದ ಮಗನಿಗೆ ತೊಡಿಸಿದುದು, ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟುದು, ಎಲ್ಲವೂ ಇದೇ ಆಗಿತ್ತು. ಗಡಿಯಾರದ ವಿಭಾಗವನ್ನು ಮುಚ್ಚುವ ನಿರ್ಧಾರವು 2016ರಲ್ಲಿ ಆಯಿತು. ಹಳೆಯ ಬಂಗಲೆಯೊಂದರಲ್ಲಿ ಏರ್ಪಡಿಸಿರುವ ಎಚ್.ಎಂ.ಟಿ. ಹೆರಿಟೇಜ್ ಸೆಂಟರಿನಲ್ಲಿ ಆ ಯಂತ್ರಗಳನ್ನೂ, ಟ್ರಾಕ್ಟರುಗಳನ್ನೂ, ಸಾಲುಸಾಲಾಗಿ ಜೋಡಿಸಿದ ಗಡಿಯಾರಗಳನ್ನೂ ಕಾಣಬಹುದು. ಹಿರಿಯರು ತಮ್ಮ ಕೈಯಲ್ಲಿದ್ದ ಗಡಿಯಾರವನ್ನು ಅಲ್ಲಿ ಗುರುತಿಸಿ ಮೊಮ್ಮಕ್ಕಳಿಗೆ ತೋರಿಸುವ ಸಂತೋಷವು ಪ್ರವೇಶಧನಕ್ಕಿಂತ ಹೆಚ್ಚಿನದು.

ಇಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಕಾರ್ಖಾನೆಗಳು ಬೇಕಾದವು. ದೊಡ್ಡ ಕಡೆ ಕೆಲಸ ಕಲಿತ ಕುಶಲಕರ್ಮಿಗಳಲ್ಲಿ ಧೈರ್ಯವಂತರಾದವರು ಒಂದು ಲೇತ್ ಯಂತ್ರವನ್ನು ಇಟ್ಟುಕೊಂಡು ಸ್ವತಂತ್ರವಾಗಿ ದುಡಿಯತೊಡಗಿದರು. 1970ರ ದಶಕದಲ್ಲಿ ಸರ್ಕಾರವು ಪೀಣ್ಯದಲ್ಲಿ ನಿವೇಶನಗಳನ್ನೂ ಷೆಡ್ಡುಗಳನ್ನೂ ಹಂಚಿದ ಮೇಲೆ ಸಾವಿರಾರು ಸಣ್ಣ ಕಾರ್ಖಾನೆಗಳು ಇಲ್ಲಿ ನೆಲೆಯೂರಿದವು. ಪೀಣ್ಯ ಇಂಡಸ್ಟ್ರಿ ಸ್ಟೇಷನ್ನಿನಲ್ಲಿ ಇಳಿದು ಯಾವ ಅಡ್ಡರಸ್ತೆಯಲ್ಲಿ ಹೊಕ್ಕರೂ ಒಂದೊಂದು ಬಾಗಿಲಿನಿಂದ ಒಂದೊಂದು ಸದ್ದು ಕೇಳಿಸುವುದು. ಗೇಟುಗಳ ಮೇಲೆ "ಟರ್ನರ್, ಫಿಟ್ಟರ್, ಟೈಲರ್, ಹೆಲ್ಪರ್ ಬೇಕಾಗಿದ್ದಾರೆ" ಎಂಬ ಹಲಗೆಗಳು ತೂಗುವುವು. ನಾಡಿನಲ್ಲಿ ಕೆಲಸವು ಹೆಚ್ಚಿತೋ ಕಡಿಮೆಯಾಯಿತೋ ಎಂಬುದನ್ನು ತಿಳಿಯಲು ವೃತ್ತಪತ್ರಿಕೆಗಿಂತ ಈ ಹಲಗೆಗಳೇ ಉತ್ತಮವಾದ ಸಾಧನ.

ಸಂಜೆ ಐದೂವರೆಯ ಮೇಲೆ ಉಡುಪಿನ ಕಾರ್ಖಾನೆಗಳು ಬಿಡುವ ಹೊತ್ತಿಗೆ ರಸ್ತೆಯು ಹೆಣ್ಣುಮಕ್ಕಳಿಂದ ತುಂಬುವುದು. ಬಸ್ಸಿಗಾಗಿ ನಿಂತಿದ್ದ, ಹಾವೇರಿಯ ಕಡೆಯ ತರುಣಿಯೊಬ್ಬಳನ್ನು ನಮ್ಮ ಜೊತೆಯಲ್ಲಿದ್ದ ಮಹಿಳೆಯರು ಮಾತನಾಡಿಸಿದರು. ಬೆಂಗಳೂರು ಹೇಗಿದೆಯೆಂದು ಕೇಳಿದುದಕ್ಕೆ ಅವಳು, "ನಾಕ ವರ್ಷ ಆತ್ರೀ ಅಕ್ಕಾರ, ಬೆಂಗಳೂರ ನೋಡೇ ಇಲ್ಲ ನಾ. ರೂಮು, ಫ್ಯಾಕ್ಟರಿ, ಮತ್ತ ರೂಮು. ರವಿವಾರ ಬಟ್ಟಿ ಒಗಿಯೂದರಾಗ ಹೋಗ್ತದ" ಎಂದಳು. ಅವಳ ಕೈಯಲ್ಲಿ ಗುರುತಿನ ಚೀಟಿಯಿತ್ತು. ಬಸ್ಸು ಅವಳಿಗೆ ಉಚಿತವಾಗಿತ್ತು. ಪಟ್ಟಣವನ್ನು ನೋಡುವುದಕ್ಕೆ ಹಣಕ್ಕಿಂತಲೂ ಹೆಚ್ಚಾಗಿ ಅವಳಿಗೆ ಬೇಕಾಗಿದ್ದುದು, "ಬಾ, ನೋಡಿ ಬರೋಣ" ಎನ್ನುವವರೊಬ್ಬರು.

ಊರ ಹೆಸರುಗಳ ಪಾಠ

ಮೂರು ದಿಕ್ಕುಗಳನ್ನೂ ಸುತ್ತಿದವರ ಕಿವಿಗೆ ಒಂದು ಸಂಗತಿಯು ಬೀಳದಿರದು. ಪೂರ್ವದಲ್ಲಿ ಹೋಪ್ ಫಾರ್ಮ್ ಚನ್ನಸಂದ್ರ, ದಕ್ಷಿಣದಲ್ಲಿ ಹೊಂಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ, ವಾಯವ್ಯದಲ್ಲಿ ನಾಗಸಂದ್ರ. ಸಂದ್ರವೆಂಬುದು ಸಮುದ್ರವೆಂಬ ಶಬ್ದದ ಸವೆದ ರೂಪ. ದೊಡ್ಡ ನದಿಯಿಲ್ಲದ ಈ ಎತ್ತರದ ನೆಲದಲ್ಲಿ ನಮ್ಮ ಹಿರಿಯರು ಮಳೆಯ ನೀರನ್ನು ಏರಿಕಟ್ಟಿ ನಿಲ್ಲಿಸಿ, ಆ ಕೆರೆಯನ್ನು ಅಭಿಮಾನದಿಂದ ಸಮುದ್ರವೆಂದು ಕರೆದರು. ಒಂದು ಕೆರೆಯು ತುಂಬಿ ಹರಿದರೆ ಮುಂದಿನ ಕೆರೆಗೆ ನೀರು ಹೋಗುವಂತೆ ಕಾಲುವೆಗಳನ್ನು ತೋಡಿದರು.

ಅದೇ ಊರುಗಳು ನೀರಿಗಾಗಿ ಪಟ್ಟ ಕಷ್ಟವನ್ನು 2024ರ ಬೇಸಗೆಯಲ್ಲಿ ಎಲ್ಲರೂ ಕಂಡರು. ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ನೀರಿಗೆ ಬೇಡಿದಷ್ಟು ಬೆಲೆಯನ್ನು ಕೊಡಬೇಕಾಯಿತು. 2007ರಲ್ಲಿ ಪಟ್ಟಣಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿಯ ಐದನೆಯ ಹಂತದ ಯೋಜನೆಯು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು; ದಿನಕ್ಕೆ 775 ದಶಲಕ್ಷ ಲೀಟರು ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆತ್ತಿ ತರುವುದು ಅದರ ಉದ್ದೇಶ. ಇತ್ತ ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ಕೊಳಚೆಯ ನೊರೆಯು ಎದ್ದು ರಸ್ತೆಗೆ ಹಾರಿದುದನ್ನೂ, ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಹತ್ತಿದುದನ್ನೂ 2015ರಿಂದೀಚೆಗೆ ನಾಡು ಕಂಡಿತು. ಪೀಣ್ಯದಲ್ಲಿ ಲೋಹಲೇಪನದ ಕಾರ್ಖಾನೆಗಳ ತ್ಯಾಜ್ಯವು ನೆಲದೊಳಗಿನ ನೀರನ್ನು ಕೆಡಿಸಿತು. ಕಾರಿನ ಗಾಜಿನೊಳಗಿಂದ ನೋಡುವವರಿಗೆ ಇವು ಯಾವುವೂ ಕಾಣವು. ಬಸ್ಸಿನಿಂದ ಇಳಿದು, ಕೆರೆಯ ಏರಿಯನ್ನು ಹತ್ತಿ, ಮೂಗು ಕಣ್ಣುಗಳನ್ನು ತೆರೆದು ನಿಂತವನಿಗೆ ಮಾತ್ರ ಪಟ್ಟಣವು ತನ್ನ ಒಳಿತನ್ನೂ ಕೆಡುಕನ್ನೂ ತಾನೇ ಹೇಳುವುದು. ಅಲ್ಪ ವೆಚ್ಚದ ಸಂಚಾರದಲ್ಲಿ ಹಣದ ಉಳಿತಾಯಕ್ಕಿಂತ ದೊಡ್ಡ ಲಾಭವು ಇದೇ.

ಕೆಲವು ಸೂಚನೆಗಳು

ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ, ಸಂಜೆ ಐದರಿಂದ ಎಂಟರವರೆಗೆ ಈ ರಸ್ತೆಗಳಲ್ಲಿ ನೂಕುನುಗ್ಗಲು ವಿಪರೀತ. ಮುದುಕರೂ ಮಕ್ಕಳೂ ಜೊತೆಯಲ್ಲಿದ್ದರೆ ಆ ವೇಳೆಯಲ್ಲಿ ಬಸ್ಸು ಹತ್ತದಿರುವುದು ಮೇಲು. ಒಂದು ದಿನಕ್ಕೆ ಒಂದೇ ದಿಕ್ಕನ್ನು ಇಟ್ಟುಕೊಳ್ಳಬೇಕು; ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾರಲು ಹೋದವರಿಗೆ ದಿನವೆಲ್ಲ ದಾರಿಯಲ್ಲಿಯೇ ಕಳೆದುಹೋಗುವುದು. ಕುಡಿಯುವ ನೀರು, ಕೊಡೆ, ಸವೆದರೂ ಕಚ್ಚದ ಪಾದರಕ್ಷೆ, ಗುರುತಿನ ಚೀಟಿ, ಚಿಲ್ಲರೆ ಹಣ, ಇವಿಷ್ಟು ಚೀಲದಲ್ಲಿದ್ದರೆ ಸಾಕು. ದಾರಿಯನ್ನು ಕನ್ನಡದಲ್ಲಿಯೇ ಕೇಳಬಹುದು. ಕೇಳಿದವರಿಗೆ ಕನ್ನಡ ಬಾರದಿದ್ದರೆ ಪಕ್ಕದ ಹೂವಿನವಳಿಗೋ ಆಟೋದವರಿಗೋ ಬಂದೇ ಬರುವುದು. ಕಾರ್ಖಾನೆಯ ಒಳಗೆ ನುಗ್ಗುವುದು, ದುಡಿಯುವವರ ಅನುಮತಿಯಿಲ್ಲದೆ ಅವರ ಭಾವಚಿತ್ರವನ್ನು ತೆಗೆಯುವುದು ಸಭ್ಯತೆಯಲ್ಲ.

ವೆಚ್ಚದ ಲೆಕ್ಕವನ್ನೂ ಹೇಳಿಬಿಡುವೆವು. 2025ರ ದರಗಳಂತೆ ಬಸ್ಸಿನ ಪಾಸಿಗೆ 80, ಒಂದು ಸಲದ ಮೆಟ್ರೋ ಪ್ರಯಾಣಕ್ಕೆ ಹೆಚ್ಚೆಂದರೆ 90, ಉಪಾಹಾರ ಊಟ ಕಾಫಿಗಳಿಗೆ ಸುಮಾರು 130; ಹೀಗೆ ಗಂಡಸರಿಗೆ ತಲೆಗೆ 300 ರೂಪಾಯಿಗಳಲ್ಲಿ ಒಂದು ದಿನ ಕಳೆಯುವುದು. ಹೆಂಗಸರಿಗೆ ಪಾಸಿನ ಹಣವು ಉಳಿಯುವುದು. ಬುತ್ತಿಯನ್ನು ಕಟ್ಟಿಕೊಂಡು ಬಸ್ಸಿನಲ್ಲಿಯೇ ಹೋಗಿಬಂದರೆ ಇದರ ಅರ್ಧಕ್ಕೂ ಇಳಿಸಬಹುದು.

ನಮ್ಮ ವಾಚಕರಲ್ಲಿ ಮಕ್ಕಳನ್ನು ಈ ವಲಯಗಳಿಗೆ ಕಳುಹಿಸಿರುವವರಿಗೆ ಒಂದು ಮಾತು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಒಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಡಿರಿ. ಮಗನೋ ಮಗಳೋ ಪ್ರತಿದಿನ ಹತ್ತುವ ಬಸ್ಸನ್ನೇ ಹತ್ತಿರಿ. ಅವರು ಉಣ್ಣುವ ಕಡೆಯಲ್ಲಿಯೇ ಉಣ್ಣಿರಿ. ಆಮೇಲೆ ಅವರು ಇಲ್ಲಿಯವರೆಗೆ ಇಳಿಯದ ಒಂದು ನಿಲ್ದಾಣದಲ್ಲಿ ಅವರೊಡನೆ ಇಳಿಯಿರಿ. ಬೇಗೂರಿನ ಕಲ್ಲನ್ನು, ಪಟ್ಟಂದೂರಿನ ಹೆಸರನ್ನು, ಜಾಲಹಳ್ಳಿಯ ಗಡಿಯಾರವನ್ನು ಒಮ್ಮೆ ನೋಡಿ ತಿಳಿದ ಮಕ್ಕಳಿಗೆ ಆ ಊರು ಕೇವಲ ಸಂಬಳ ಕೊಡುವ ಸ್ಥಳವಾಗಿ ಉಳಿಯದು. ಅದರ ಕೆರೆ ಕೆಟ್ಟರೆ ಅವರಿಗೂ ನೋವಾಗುವುದು. ನಿಮಗಾದರೂ, ರಾತ್ರಿ ದೂರವಾಣಿಯಲ್ಲಿ ಮಕ್ಕಳು "ಈಗ ಸಿಂಗಸಂದ್ರದಲ್ಲಿದ್ದೇನೆ, ಅಮ್ಮ" ಎಂದಾಗ, ಅದು ಎಲ್ಲಿದೆ, ಹೇಗಿದೆ ಎಂಬುದು ಕಣ್ಣಿಗೆ ಕಟ್ಟುವುದು.